ಐದು ಆಟಗಳ ಬುತ್ತಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಮಕ್ಕಳ ಇಂದ್ರಜಾಲ ಪ್ರದರ್ಶನಕ್ಕೆ ಮುನ್ನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಆಮಂತ್ರಣ ಪತ್ರಿಕೆಯಲ್ಲಿ ಕೋಲಾಟ, ವಚನಗಾಯನ, ನಾಟಕಗಳ ನಡುವೆ "ಮಕ್ಕಳಿಂದ ಇಂದ್ರಜಾಲ" ಎಂಬ ಸಾಲನ್ನು ಕಂಡು ಕೆಲವರು ಹುಬ್ಬೇರಿಸಿದ್ದು ನನಗೆ ತಿಳಿದಿದೆ. ಒಬ್ಬ ಪಾಲಕರಂತೂ ನೇರವಾಗಿಯೇ ಕೇಳಿದರು: "ಅಕ್ಕೋರೆ, ಲೆಕ್ಕಾ ವಿಜ್ಞಾನ ಕಲಸೂದು ಬಿಟ್ಟು ಈ ಗಾರುಡಿ ಯಾಕ್ರಿ?"

ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡುವುದು ನನ್ನ ಹೊಣೆ. ಆದರೆ ಆ ಉತ್ತರವನ್ನು ತತ್ತ್ವದಿಂದ ಆರಂಭಿಸದೆ ಕೆಲಸದಿಂದಲೇ ಆರಂಭಿಸುತ್ತೇನೆ. ಹೊಸದಾಗಿ ಕಲಿಯುವ ಮಗುವಾಗಲಿ, ಮಗುವಿನೊಡನೆ ಕಲಿಯಬಯಸುವ ತಂದೆತಾಯಿಗಳಾಗಲಿ, ಇಂದ್ರಜಾಲದ ಆಟಗಳ ಸ್ವಂತ ಬುತ್ತಿಯೊಂದನ್ನು ಕಟ್ಟಿಕೊಳ್ಳುವುದು ಹೇಗೆ? ಬುತ್ತಿ ಎಂಬ ಮಾತನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಹೊಲಕ್ಕೆ ಹೊರಟವರು ಮನೆಯಲ್ಲಿರುವ ಅಡುಗೆಯನ್ನೆಲ್ಲ ಹೊತ್ತು ನಡೆಯುವುದಿಲ್ಲ. ಎರಡು ರೊಟ್ಟಿ, ಒಂದಿಷ್ಟು ಪಲ್ಯ, ಶೇಂಗಾ ಹಿಂಡಿ. ಹಸಿದಾಗ ಬಿಚ್ಚಿದರೆ ಸಾಕಾಗುವಷ್ಟು, ಹೊತ್ತು ನಡೆದರೆ ಭಾರವಾಗದಷ್ಟು. ಕಲಿಯುವವರ ಆಟಗಳೂ ಅಷ್ಟೇ ಇರಬೇಕು.

ಮೊದಲು ಹೆಸರಿನ ವಿಚಾರ. ಈ ವಿದ್ಯೆಗೆ ಕನ್ನಡದಲ್ಲಿ ಕಣ್ಕಟ್ಟು ಎನ್ನುತ್ತೇವೆ, ಕೈಚಳಕ ಎನ್ನುತ್ತೇವೆ. ನಮ್ಮ ತೆಲುಗು ನೆರೆಯವರು ಕನಿಕಟ್ಟು ಎನ್ನುತ್ತಾರೆ. ಉರ್ದು ಮಾತನಾಡುವವರ ಬಾಯಲ್ಲಿ ಅದು ನಜರ್‌ಬಂದಿ, ಇಲ್ಲವೆ ಹಾಥ್ ಕೀ ಸಫಾಯಿ. ಮರಾಠಿಯವರಿಗೆ ನಜರಬಂದಿ, ಹಾತಚಲಾಖಿ. ನಾಲ್ಕು ಭಾಷೆಗಳೂ ಒಬ್ಬರನ್ನೊಬ್ಬರು ಕೇಳಿಕೊಂಡು ಹೇಳಿದಂತೆ ಎರಡೇ ಸಂಗತಿಗಳನ್ನು ಹೇಳುತ್ತವೆ: ನೋಡುವವರ ಕಣ್ಣು ಕಟ್ಟಿಹೋಗುತ್ತದೆ, ಮಾಡುವವರ ಕೈ ಚುರುಕಾಗಿರುತ್ತದೆ. ದೆವ್ವ ಬಂದು ಮಾಡಿಕೊಡುತ್ತದೆ ಎಂದು ಈ ಪದಗಳಲ್ಲಿ ಒಂದೂ ಹೇಳುವುದಿಲ್ಲ. ಓದುಬರಹ ಬಾರದ ನಮ್ಮ ಹಿರಿಯರು ಈ ಹೆಸರುಗಳನ್ನು ಇಟ್ಟರು. ಗುಟ್ಟು ಹೆಸರಿನಲ್ಲೇ ಇದೆ.

ಇದು ಕೀಳು ವಿದ್ಯೆ ಎನ್ನುವವರಿಗೆ ಒಂದು ಮಾತು. ಇಲ್ಲಿಂದ ದೂರವಲ್ಲದ ಬಸವಕಲ್ಯಾಣ, ಅಂದರೆ ಅಂದಿನ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಅದರಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಗೀತ, ವಾದ್ಯ, ನೃತ್ಯ, ಕಥೆಗಳ ಸಾಲಿನಲ್ಲಿಯೇ ಚಮತ್ಕಾರ ವಿನೋದವೂ ಕುಳಿತಿದೆ. ಪ್ರಾಚೀನರು ಎಣಿಸಿದ 64 ಕಲೆಗಳಲ್ಲಿ ಐಂದ್ರಜಾಲವೂ ಇದೆ, ಹಸ್ತಲಾಘವವೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾರೆ. ನಮ್ಮ ಮಕ್ಕಳು ಹೊಸದೇನನ್ನೂ ತಂದಿಲ್ಲ.

ಈಗ ಕೆಲಸಕ್ಕೆ ಬರೋಣ. ಇನ್ನು ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ತೋರಿಸಲಿರುವ ಆಟಗಳ ಗುಟ್ಟನ್ನು ನಾನು ಹೇಳಕೂಡದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಆದ್ದರಿಂದ ಬೇರೆ ಐದು ಆಟಗಳನ್ನು ಹೇಳುತ್ತೇನೆ. ಇವನ್ನು ಹೇಳಬಹುದೆಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಕಳೆದ ವರ್ಷ ಏಳನೆಯ ತರಗತಿಯ ಹುಡುಗರು ಕೆಲವರು ಮೊಬೈಲಿನಲ್ಲಿ ನೋಡಿ ನೋಡಿ ಮೂವತ್ತಕ್ಕೂ ಮಿಕ್ಕಿ ಆಟಗಳನ್ನು ಕಲಿತಿದ್ದೇವೆಂದು ಬಂದರು. ತೋರಿಸಿ ಎಂದೆ. ಒಂದೊಂದರಲ್ಲೂ ಅರ್ಧಕ್ಕೆ ನಿಂತು, "ಇಲ್ಲ ಟೀಚರ್, ಇದಲ್ಲ, ಇನ್ನೊಂದು ತೋರಿಸ್ತೀವಿ" ಎಂದರು. ಅವರಿಗೆ ಮೂವತ್ತು ಆಟಗಳ ಗುಟ್ಟು ಗೊತ್ತಿತ್ತು, ಆದರೆ ಒಂದು ಆಟವೂ ಬರುತ್ತಿರಲಿಲ್ಲ. ಗುಟ್ಟು ತಿಳಿಯುವುದಕ್ಕೂ ಆಟ ಬರುವುದಕ್ಕೂ ಇರುವ ಅಂತರ, ಈಜುವುದು ಹೇಗೆಂದು ಓದುವುದಕ್ಕೂ ಮಾಂಜ್ರಾ ನದಿಗೆ ಇಳಿಯುವುದಕ್ಕೂ ಇರುವಷ್ಟೇ. ಅವರಿಗೆ ನಾನು ಹಾಕಿದ ಕಟ್ಟಳೆ ಒಂದೇ. ಒಂದು ಆಟವನ್ನು ಹತ್ತು ಜನ ಬೇರೆ ಬೇರೆಯವರಿಗೆ ತೋರಿಸಿ ಗೆದ್ದ ಹೊರತು ಎರಡನೆಯದಕ್ಕೆ ಕೈ ಹಾಕಕೂಡದು. ತಿಂಗಳಿಗೆ ಒಂದು ಆಟ ಬಂದರೆ ಹೆಚ್ಚಾಯಿತು. ಜೂನ್‌ನಿಂದ ಏಪ್ರಿಲ್‌ವರೆಗೆ ಹತ್ತು ಬರಬಹುದು. ಅದರಲ್ಲಿ ಐದನ್ನು ಇಟ್ಟುಕೊಂಡು ಉಳಿದುದನ್ನು ಬಿಡಬೇಕು. ಬಿಡುವುದು ಕಲಿಯುವುದಕ್ಕಿಂತ ಕಷ್ಟ.

ಮೊದಲ ಆಟಕ್ಕೆ ಹುಣಸೆಬೀಜ ಸಾಕು. ಸರಿಯಾಗಿ 13 ಬೀಜಗಳನ್ನು ಗೆಳತಿಯ ಕೈಗೆ ಕೊಟ್ಟು ನೀವು ಬೆನ್ನು ತಿರುಗಿಸಿ ನಿಲ್ಲಿ. 13 ಎಂದು ಬಾಯಿಬಿಟ್ಟು ಹೇಳಬೇಡಿ. ಒಂದು ಹಿಡಿ ಕೊಟ್ಟಂತೆ ಇರಲಿ. ಅವಳು ತನಗೆ ಬೇಕಾದಷ್ಟನ್ನು ಬಲಗೈಯಲ್ಲಿ, ಉಳಿದದ್ದನ್ನು ಎಡಗೈಯಲ್ಲಿ ಹಿಡಿಯಲಿ. ಬಲಗೈಯ ಬೀಜಗಳನ್ನು 3ರಿಂದ, ಎಡಗೈಯವನ್ನು 2ರಿಂದ ಗುಣಿಸಿ ಎರಡನ್ನೂ ಕೂಡಲಿ. ಬಂದ ಮೊತ್ತ ಸಮವೋ ಬೆಸವೋ ಎಂದಷ್ಟೇ ಹೇಳಲಿ. ಬೆಸ ಎಂದರೆ ಬಲಗೈಯಲ್ಲಿ ಬೆಸ, ಎಡಗೈಯಲ್ಲಿ ಸಮ. ಸಮ ಎಂದರೆ ಇದರ ತಿರುವು. ಎಂದೂ ತಪ್ಪದು. ಎಡಗೈಯಲ್ಲಿ ಎಷ್ಟೇ ಇರಲಿ, 2ರಿಂದ ಗುಣಿಸಿದಾಗ ಅದು ಸಮವೇ ಆಗುತ್ತದೆ. 3ರಿಂದ ಗುಣಿಸಿದರೆ ಬಲಗೈಯ ಸ್ವಭಾವ ಬದಲಾಗದು. ಮೊತ್ತ ಬಲಗೈಯ ಗುಣವನ್ನೇ ಹೊರಗೆ ಹೇಳುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲಿಸಿ ಇನ್ನೊಂದು ಆಟಕ್ಕೆ ಓಡುತ್ತಾರೆ. ನಿಲ್ಲದೆ ಇದನ್ನೇ ಒಂದು ತಿಂಗಳು ಕೈಯಲ್ಲಿ ಆಡಿಸಿದ ಒಂಬತ್ತನೆಯ ತರಗತಿಯ ಒಬ್ಬಳು ಒಂದು ದಿನ ಕೋಣೆಗೆ ಓಡಿಬಂದಳು. ಗೆಳತಿ ಮೊತ್ತವನ್ನೇ ಹೇಳಿಬಿಟ್ಟರೆ, ಸಮ ಬೆಸ ಮಾತ್ರವಲ್ಲ, ಬಲಗೈಯಲ್ಲಿ ಎಷ್ಟು ಬೀಜಗಳಿವೆ ಎಂದೇ ಹೇಳಬಹುದು ಎಂದಳು! ಮೊತ್ತದಿಂದ 26 ಕಳೆದರೆ ಸಾಕು. ಬಲಗೈಯಲ್ಲಿ 5, ಎಡಗೈಯಲ್ಲಿ 8 ಇದ್ದರೆ ಮೊತ್ತ 15 ಮತ್ತು 16 ಸೇರಿ 31. ಅದರಲ್ಲಿ 26 ಹೋದರೆ 5. ಅವಳು ಬೀಜಗಣಿತದಲ್ಲಿ ಬಲಗೈಯನ್ನು 'ಕ್ಷ' ಎಂದು ಇಟ್ಟುಕೊಂಡು, ಎಡಗೈ 13ರಲ್ಲಿ 'ಕ್ಷ' ಕಳೆದದ್ದು ಎಂದು ಬರೆದು, ಗುಣಿಸಿ ಕೂಡಿದಳು. 'ಕ್ಷ' ಮತ್ತು 26 ಉಳಿದವು. ಬೀಜಗಣಿತ ಎಂಬ ಹೆಸರಿಗೆ ಅಷ್ಟು ಚೆನ್ನಾಗಿ ಅರ್ಥ ಬಂದದ್ದನ್ನು ನಾನು ಬೇರೆ ಎಲ್ಲಿಯೂ ಕಾಣೆ. ಲೆಕ್ಕ ಬಿಟ್ಟು ಗಾರುಡಿ ಏಕೆ ಎಂದು ಕೇಳಿದ ಪಾಲಕರು ಇಲ್ಲಿಯೇ ಇದ್ದಾರೆ. ಅರ್ಧ ಉತ್ತರ ಸಿಕ್ಕಿತೆಂದು ಭಾವಿಸುತ್ತೇನೆ.

ಎರಡನೆಯದು ನಗೆಯಾಟ. ಒಂದು ಟವೆಲನ್ನು ಮೇಜಿನ ಮೇಲೆ ಉದ್ದಕ್ಕೆ ಸುರುಳಿ ಮಾಡಿ ಇಡಿ. ಅದರ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ಹಿಡಿತ ಸಡಿಲಿಸದೆ ಗಂಟು ಹಾಕಿರೆಂದು ಸಭೆಗೆ ಸವಾಲು ಹಾಕಿ. ಹಿಡಿದು ನಿಂತವರು ಎಷ್ಟು ತಿರುಚಿಕೊಂಡರೂ ಆಗದು. ನೀವು ಮೊದಲು ಎದೆಯ ಮೇಲೆ ಕೈ ಕಟ್ಟಿಕೊಂಡು, ಕಟ್ಟಿದ ಕೈಗಳಿಂದಲೇ ತುದಿಗಳನ್ನು ಎತ್ತಿಕೊಂಡು ಕೈ ಬಿಚ್ಚಿರಿ. ಗಂಟು ಬೀಳುತ್ತದೆ. ಗಂಟು ಮೊದಲು ನಿಮ್ಮ ತೋಳುಗಳಲ್ಲಿತ್ತು, ಈಗ ಟವೆಲಿಗೆ ಇಳಿಯಿತು, ಅಷ್ಟೆ. ಇದನ್ನು ಕಲಿಯಲು ಐದು ನಿಮಿಷ ಸಾಕು.

ಮೂರನೆಯದು ನಾಣ್ಯ, ಮತ್ತು ಇದಕ್ಕೆ ಐದು ತಿಂಗಳೂ ಸಾಲದು. ಎಡಗೈಯ ಬೆರಳ ತುದಿಯಲ್ಲಿ ಹಿಡಿದ ನಾಣ್ಯವನ್ನು ಬಲಗೈಯಿಂದ ತೆಗೆದುಕೊಂಡಂತೆ ಮಾಡಿ, ಅದನ್ನು ಎಡಗೈಯ ಅಂಗೈಗೇ ಜಾರಿಸಿ, ಬರಿದಾದ ಬಲಮುಷ್ಟಿಯನ್ನು ಬಿಗಿದು ಆಚೆಗೆ ಒಯ್ಯುವುದು. ಕೇಳಲು ಸುಲಭ. ಹೊಸಬರು ಎಡವುವುದು ಕೈಯಲ್ಲಲ್ಲ, ಕಣ್ಣಿನಲ್ಲಿ. ನಾಣ್ಯ ಎಲ್ಲಿ ಉಳಿದಿದೆಯೋ ಆ ಎಡಗೈಯನ್ನೇ ಕಳ್ಳನೋಟದಿಂದ ನೋಡುತ್ತಾರೆ. ಸಭೆಯೂ ಅಲ್ಲಿಗೇ ನೋಡುತ್ತದೆ. ಕೈ ಹೋದಲ್ಲಿ ದೃಷ್ಟಿ ಹೋಗಲಿ ಎಂದು ನೃತ್ಯದ ಗುರುಗಳು ಮೊದಲ ದಿನವೇ ಕಲಿಸುತ್ತಾರೆ. ಇಲ್ಲಿಯೂ ಅದೇ ಪಾಠ. ನಾಣ್ಯ ನಿಜವಾಗಿ ಬಲಗೈಗೆ ಬಂದಿದೆ ಎಂದು ಮೊದಲು ನಾವೇ ನಂಬಿ ಆ ಕಡೆ ನೋಡಬೇಕು. ಅಭ್ಯಾಸಕ್ಕೆ ಒಂದು ದಾರಿ ಇದೆ. ಕನ್ನಡಿಯ ಮುಂದೆ ನಿಂತು ಹತ್ತು ಸಲ ನಾಣ್ಯವನ್ನು ನಿಜವಾಗಿಯೇ ತೆಗೆದುಕೊಳ್ಳಿ. ನಿಜವಾಗಿ ತೆಗೆದುಕೊಳ್ಳುವಾಗ ಬೆರಳು ಹೇಗೆ ಮಡಚುತ್ತದೆ, ಹೆಗಲು ಎಷ್ಟು ತಿರುಗುತ್ತದೆ ನೋಡಿಕೊಳ್ಳಿ. ಹನ್ನೊಂದನೆಯ ಸಲ ತೆಗೆದುಕೊಳ್ಳದೆ ಹಾಗೆಯೇ ಮಾಡಿ. ಸುಳ್ಳನ್ನು ಚೆನ್ನಾಗಿ ಆಡಬೇಕಾದರೆ ನಿಜವನ್ನು ಸೂಕ್ಷ್ಮವಾಗಿ ನೋಡಿರಬೇಕೆಂಬುದು ಈ ವಿದ್ಯೆಯ ವಿಚಿತ್ರ. ಇನ್ನೊಂದು ಎಚ್ಚರ: ನಮ್ಮ ಹಳ್ಳಿಗಳಲ್ಲಿ ಜನ ಸುತ್ತುವರಿದು ಕೂರುತ್ತಾರೆ. ಹಿಂದಿನಿಂದ ನೋಡುವವರಿಗೆ ಈ ಆಟ ಬಯಲು. ಗೋಡೆಗೆ ಬೆನ್ನು ಕೊಟ್ಟು ನಿಂತು ಆಡಬೇಕು, ಇಲ್ಲವೆ ಆ ದಿನ ಇದನ್ನು ಬುತ್ತಿಯಿಂದ ತೆಗೆಯಲೇಬಾರದು.

ನಾಲ್ಕನೆಯದು ಮತ್ತೆ ಲೆಕ್ಕ, ಆದರೆ ಲೆಕ್ಕವೆಂದು ತೋರದಂತೆ. ಮೂರಂಕಿಯ ಒಂದು ಸಂಖ್ಯೆ. ಮೊದಲ ಅಂಕಿ ಕೊನೆಯದಕ್ಕಿಂತ ಕನಿಷ್ಠ 2ರಷ್ಟು ದೊಡ್ಡದಿರಲಿ. 732 ಎನ್ನೋಣ. ತಿರುಗಿಸಿದರೆ 237. ಕಳೆದರೆ 495. ಅದನ್ನೂ ತಿರುಗಿಸಿ ಕೂಡಿದರೆ 495 ಮತ್ತು 594 ಸೇರಿ 1089. ಯಾವ ಸಂಖ್ಯೆ ತೆಗೆದುಕೊಂಡರೂ ಕೊನೆಗೆ ಬರುವುದು 1089. ಅದನ್ನು ಹಾಗೇ ಹೇಳಿದರೆ ಸಪ್ಪೆ. ಒಂದು ಪುಸ್ತಕ ಕೊಟ್ಟು, "108ನೆಯ ಪುಟ ತೆರೆಯಿರಿ, 9ನೆಯ ಪದ ಓದಿಕೊಳ್ಳಿ" ಎಂದು ಹೇಳಿ, ಆ ಪದವನ್ನು ಮೊದಲೇ ಬರೆದಿಟ್ಟ ಚೀಟಿ ತೆರೆದರೆ ಸಭೆ ಬೆರಗಾಗುತ್ತದೆ. ನಮ್ಮ ಸ್ಮರಣ ಸಂಚಿಕೆ 108 ಪುಟ ದಾಟಿದರೆ ಅದರಲ್ಲಿಯೇ ಮಾಡಬಹುದು. ಸಂಪಾದಕ ಮಂಡಳಿಯವರು ಗಮನಿಸಬೇಕು. ಈ ಆಟವನ್ನು ಅದೇ ಜನರ ಮುಂದೆ ಎರಡನೆಯ ಸಲ ಆಡಕೂಡದು ಎಂಬುದನ್ನು ವಿವರಿಸಬೇಕಾಗಿಲ್ಲ.

ಐದನೆಯ ಆಟಕ್ಕೆ ಬರುವ ಮುನ್ನ ಮಾತಿನ ವಿಚಾರ ಹೇಳಬೇಕು. ಇಂದ್ರಜಾಲದಲ್ಲಿ ಅರ್ಧ ಪಾಲು ಮಾತು. ಮಾತು ಸಭೆಯ ಗಮನವನ್ನು ಕೈಯಿಂದ ಬೇರೆಡೆಗೆ ಒಯ್ಯುತ್ತದೆ, ಎರಡು ಆಟಗಳ ನಡುವೆ ಸೇತುವೆಯಾಗುತ್ತದೆ, ತಪ್ಪಿದಾಗ ಕಾಪಾಡುತ್ತದೆ. ಏನು ನಡೆಯಲಿದೆ ಎಂದು ಮೊದಲೇ ಹೇಳದಿದ್ದರೆ, ನಡೆದದ್ದು ತಪ್ಪೆಂದು ಸಭೆಗೆ ತಿಳಿಯುವುದಾದರೂ ಹೇಗೆ? 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ತಾಲ್ಲೂಕಿನ ನಮ್ಮ ನ್ಯಾಲ್ಕಲ್ ವಲಯ ಮೆದಕ್ ಜಿಲ್ಲೆಗೆ ಸೇರಿತು. ನಾರಾಯಣಖೇಡ, ಜಹೀರಾಬಾದಗಳೂ ಸೇರಿದವು. ಗೆರೆ ಸರಿಯಿತು, ಮನೆಮಾತು ಸರಿಯಲಿಲ್ಲ. ಹೀಗಾಗಿ ನಮ್ಮ ಮಗುವಿನ ಆಟ ಕನ್ನಡದಲ್ಲಿ ಹುಟ್ಟಿ, ಬಸ್ಸಿನಲ್ಲಿ ತೆಲುಗಿಗೆ, ಸಂತೆಯಲ್ಲಿ ಉರ್ದುವಿಗೆ ತಿರುಗಬೇಕಾಗುತ್ತದೆ. ತಾಂಡಾದಿಂದ ಬರುವ ಆರನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಎರಡರ ನಡುವೆ ಅವಳು ಮೌನವನ್ನೇ ಆರಿಸಿಕೊಂಡಿದ್ದಳು. ಹುಣಸೆಬೀಜದ ಆಟವನ್ನು ಅವಳು ಈಗ ಮೂರು ಭಾಷೆಗಳಲ್ಲಿ ಆಡಿಸುತ್ತಾಳೆ, ಏಕೆಂದರೆ ಅದರಲ್ಲಿ ಆಡಬೇಕಾದ ವಾಕ್ಯಗಳು ಎಂಟು ಮಾತ್ರ, ಮತ್ತು ಆ ಎಂಟು ವಾಕ್ಯಗಳು ಮುಗಿಯುವವರೆಗೆ ಎದುರಿನವರು ಅವಳ ಮಾತನ್ನು ಕೇಳಲೇಬೇಕು. ತರಗತಿಯಲ್ಲಿ ಈಗಲೂ ಅವಳ ಮಾತು ಕಡಿಮೆಯೇ. ಆದರೆ ಮೊನ್ನೆ ಶಾಲೆಗೆ ಬಂದಿದ್ದ ಅಧಿಕಾರಿಯೊಬ್ಬರ ಕೈಗೆ ತಾನಾಗಿ ಹದಿಮೂರು ಬೀಜ ಕೊಟ್ಟಳು.

ಐದನೆಯದು ಅರಿಶಿನ. ಬಿಳಿಯ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿಡಬೇಕು. ಆಟದ ಹೊತ್ತಿನಲ್ಲಿ, ನೋಡಲು ಬರಿಯ ನೀರಿನಂತೆ ಕಾಣುವ ತಿಳಿಸುಣ್ಣದ ನೀರಿನಿಂದ ಒದ್ದೆಯಾದ ಅಂಗೈಯನ್ನು ಅದರ ಮೇಲೆ ಒತ್ತಿದರೆ ರಕ್ತವರ್ಣದ ಹಸ್ತದ ಗುರುತು ಮೂಡುತ್ತದೆ. ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಕಣ್ಣಿಗೆ ಬೀಳಬಾರದು. ಶಿಕ್ಷಕರು ಪಕ್ಕದಲ್ಲಿರಬೇಕು, ಆಮೇಲೆ ಕೈ ತೊಳೆಯಬೇಕು. ದೂರದಿಂದಲೂ ಕಾಣುವ ಆಟವಾದ್ದರಿಂದ ಇದು ಕೊನೆಗೆ ಬರಬೇಕು. ಮೊದಲು ನಾಣ್ಯ, ಆಮೇಲೆ ಗಂಟಿನ ನಗೆ, ನಡುವೆ ಸಭೆಯವರನ್ನೇ ಕರೆದು ಬೀಜ, ನಂತರ ಪುಸ್ತಕ, ಕಡೆಗೆ ಅರಿಶಿನ. ಹತ್ತು ಹನ್ನೆರಡು ನಿಮಿಷಗಳ ಬುತ್ತಿ ಸಿದ್ಧ. ಐದೂ ಬೇರೆ ಬೇರೆ ಬಗೆಯವು. ಒಂದರ ಗುಟ್ಟು ಊಹಿಸಿದವರಿಗೆ ಇನ್ನೊಂದು ಬಯಲಾಗದು. ಅಂಗಡಿಯಿಂದ ಕೊಂಡ ಸಾಮಾನು ಒಂದೂ ಇಲ್ಲ.

ತಾಯಂದಿರೇ, ಅರಿಶಿನದ ಆಟದಲ್ಲಿ ನಿಮಗೆ ತಿಳಿಯದ್ದು ಏನಿದೆ? ಆರತಿಯ ತಟ್ಟೆಗೆ ಕೆಂಪು ನೀರು ಮಾಡುವಾಗ ಅರಿಶಿನಕ್ಕೆ ಸುಣ್ಣ ಬೆರೆಸುವವರು ನೀವೇ. ನಮ್ಮ ಅಜ್ಜಿಯರು ಕುಂಕುಮ ಮಾಡುತ್ತಿದ್ದುದೂ ಹೀಗೆಯೇ. ಬೀದರಿನ ಬಿದರಿ ಕುಶಲಕರ್ಮಿ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಕಾಯಿಸಿ ಉಜ್ಜಿದಾಗ ಬೂದು ಲೋಹ ಕಪ್ಪಾಗಿ, ಅದರೊಳಗಿನ ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅದನ್ನು ನೋಡಿ ನಾವು ಮೆಚ್ಚುತ್ತೇವೆ, ಹೆದರುವುದಿಲ್ಲ. ಆದರೆ ಅದೇ ಅರಿಶಿನ, ಅದೇ ಸುಣ್ಣ ಅಪರಿಚಿತನೊಬ್ಬನ ಕೈಯಲ್ಲಿ ಅಮಾವಾಸ್ಯೆಯ ರಾತ್ರಿ ಬಟ್ಟೆಯ ಮೇಲೆ ಕೆಂಪಾದರೆ? ದಾಸವಾಳದ ಹೂವನ್ನು ಉಜ್ಜಿ ಒಣಗಿಸಿದ ಚಾಕುವಿನಿಂದ ನಿಂಬೆಹಣ್ಣು ಕೊಯ್ದು ರಕ್ತ ಸುರಿಯಿತೆಂದು ತೋರಿಸಿದರೆ? ಅಡುಗೆಮನೆಯಲ್ಲಿ ತಿಳಿದಿದ್ದದ್ದು ಅಂಗಳದಲ್ಲಿ ಮರೆತುಹೋಗುತ್ತದೆ. ಭಯ ಮರೆಸುತ್ತದೆ.

ಪಾಲಕರ ಪ್ರಶ್ನೆಗೆ ಉಳಿದರ್ಧ ಉತ್ತರ ಇಲ್ಲಿದೆ. ಬಾಣಾಮತಿ ಎಂಬ ಮಾತನ್ನು ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಬೀದರ, ಕಲಬುರಗಿ, ಮೆದಕ್ ಸೀಮೆಗಳಲ್ಲಿ ಅದರ ಹೆಸರು ಹೇಳಿದರೆ ದನಿ ತಗ್ಗುತ್ತದೆ. ಮನೆಯ ಮೇಲೆ ಕಲ್ಲು ಬೀಳುವುದು, ಒಣಗಲು ಹಾಕಿದ ಬಟ್ಟೆ ಹೊತ್ತಿಕೊಳ್ಳುವುದು, ಹೆಣ್ಣುಮಕ್ಕಳು ನಾಯಿಯಂತೆ ಕೂಗುವುದು. ಕೂಗುವವರ ಸಂಕಟ ನಿಜವಾದದ್ದು, ಅದಕ್ಕೆ ವೈದ್ಯರು ಬೇಕು. ಆದರೆ ಊರು ವೈದ್ಯರನ್ನು ಹುಡುಕುವ ಮೊದಲು ಮಾಡಿದವರನ್ನು ಹುಡುಕುತ್ತದೆ. ಸಿಗುವವರು ಯಾರು? ಹೆಚ್ಚಾಗಿ ಒಂಟಿ ಮುದುಕಿ, ವಿಧವೆ, ಊರ ಹೊರಗಿನ ಬಡವ. ಹಲ್ಲು ಕಿತ್ತರೆ ಮಂತ್ರ ಉಚ್ಚರಿಸಲಾಗದು ಎಂದು ಮನುಷ್ಯರ ಹಲ್ಲು ಕಿತ್ತಿರುವ ಪ್ರಕರಣಗಳು ಈ ಸೀಮೆಯಲ್ಲಿಯೇ ನಡೆದಿವೆ. ಜೀವ ತೆಗೆದದ್ದೂ ಉಂಟು. 1980ರ ದಶಕದಲ್ಲಿ ವಿಜಯವಾಡದ ನಾಸ್ತಿಕ ಕೇಂದ್ರದವರು ಮೆದಕ್ ಜಿಲ್ಲೆಯ ಹಳ್ಳಿಗಳಿಗೆ ಬಂದು ಈ ವಿಷಯವನ್ನು ಅಧ್ಯಯನ ಮಾಡಿದರು. ಜನವಿಜ್ಞಾನ ವೇದಿಕೆಯವರು ಇಂದಿಗೂ ತೆಲುಗು ನಾಡಿನ ಶಾಲೆಗಳಲ್ಲಿ ಇಂತಹ ಪ್ರಯೋಗಗಳನ್ನು ಮಾಡಿ ತೋರಿಸುತ್ತಾರೆ. ಅವರೊಡನೆ ಎಲ್ಲ ವಿಷಯದಲ್ಲಿ ನಾವು ಒಮ್ಮತ ಹೊಂದಬೇಕೆಂದೇನೂ ಇಲ್ಲ. ನಾನು ದಿನವೂ ದೀಪ ಹಚ್ಚುವವಳು. ದೇವರಲ್ಲಿ ಭಕ್ತಿಯಿರುವುದಕ್ಕೂ ನೆರೆಮನೆಯ ಮುದುಕಿಯ ಮೇಲೆ ಸಂಶಯವಿರುವುದಕ್ಕೂ ಸಂಬಂಧವಿಲ್ಲವೆಂದು ಮಾತ್ರ ಹೇಳುತ್ತೇನೆ.

ಇದು ನಮ್ಮ ಸೀಮೆಯ ಕಥೆ ಮಾತ್ರವಲ್ಲ. ನಾಲ್ಕು ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿಯೂ ಬಡ ಮುದುಕಿಯರನ್ನು ಮಾಟಗಾತಿಯರೆಂದು ನ್ಯಾಯಾಲಯಕ್ಕೆ ಎಳೆಯುತ್ತಿದ್ದರು. ಕೆಂಟ್ ಪ್ರಾಂತದ ರೆಜಿನಾಲ್ಡ್ ಸ್ಕಾಟ್ ಎಂಬ ಗೃಹಸ್ಥನಿಗೆ ಅದು ಸಹಿಸಲಾಗಲಿಲ್ಲ. ಅವನು 1584ರಲ್ಲಿ 'ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್' ಎಂಬ ದೊಡ್ಡ ಗ್ರಂಥ ಬರೆದು, ವಿಸ್ಮಯವೆಂದು ಕಾಣುವುದೆಲ್ಲ ಸೈತಾನನ ಕೆಲಸವಲ್ಲವೆಂದು ತೋರಿಸಲು ನಾಣ್ಯ, ಗೋಲಿ, ಎಲೆಗಳ ಆಟಗಳನ್ನು ಹೇಗೆ ಮಾಡುತ್ತಾರೆಂದು ಚಿತ್ರಸಹಿತ ವಿವರಿಸಿದ. ಇಂಗ್ಲಿಷ್ ಭಾಷೆಯಲ್ಲಿ ಕೈಚಳಕದ ಆಟಗಳನ್ನು ವಿವರವಾಗಿ ಹೇಳಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಇಂದು ಜಾದೂಗಾರರು ತಮ್ಮ ಮೂಲಗ್ರಂಥವೆಂದು ಗೌರವಿಸುವ ಆ ಪುಸ್ತಕ ಹುಟ್ಟಿದ್ದು ಮುದುಕಿಯರನ್ನು ಉಳಿಸಲೆಂದು.

ನಮ್ಮ ಕನ್ನಡ ನಾಡಿನಲ್ಲಿ ಈ ದಾರಿ ಹಿಡಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು. ಭೌತವಿಜ್ಞಾನದ ಅಧ್ಯಾಪಕರು, ಗಾಂಧಿವಾದಿಗಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಆಗ ನಡೆದ ವಾದವಿವಾದಗಳನ್ನು ಇಲ್ಲಿನ ಹಿರಿಯರು ಬಲ್ಲರು. ಅದೇ 1976ರಲ್ಲಿ ಸಂಸತ್ತು ಅಂಗೀಕರಿಸಿದ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿಸಿತು. ಪೌರನೀತಿಯ ಪಾಠದಲ್ಲಿ ಅದನ್ನು ಬಾಯಿಪಾಠ ಮಾಡಿಸಿ ಅಂಕ ಕೊಡಬಹುದು. ಆದರೆ ಒಂದು ಸಲ ತಾನೇ ಹತ್ತು ಜನರ ಕಣ್ಣು ಕಟ್ಟಿದ ಮಗು, ತನ್ನ ಕಣ್ಣನ್ನೂ ಯಾರಾದರೂ ಕಟ್ಟಬಹುದೆಂದು ಬಾಯಿಪಾಠವಿಲ್ಲದೆ ತಿಳಿಯುತ್ತದೆ.

ಹಾಗಾದರೆ ಗುಟ್ಟನ್ನೆಲ್ಲ ಬಯಲು ಮಾಡಬೇಕೆ? ಜಾದೂಗಾರರ ನಡುವೆ ಮೂರು ಕಟ್ಟಳೆಗಳು ಹಳೆಯವು: ಮುಂದೆ ಏನಾಗುವುದೆಂದು ಮೊದಲೇ ಹೇಳಬೇಡ, ಅದೇ ಜನರಿಗೆ ಅದೇ ಆಟ ಮತ್ತೆ ಆಡಬೇಡ, ಗುಟ್ಟು ಬಿಡಬೇಡ. ಮೂರನೆಯದರ ಬಗ್ಗೆ ಶಿಕ್ಷಕರ ಕೊಠಡಿಯಲ್ಲಿ ನಮ್ಮಲ್ಲಿಯೇ ಬಿಸಿ ಚರ್ಚೆ ನಡೆಯಿತು. ವಿಜ್ಞಾನದ ಶಿಕ್ಷಕರು ಎಲ್ಲವನ್ನೂ ಹೇಳಿಬಿಡಬೇಕು ಎಂದರು. ನನ್ನ ಅಭಿಪ್ರಾಯ ಬೇರೆ. ಝರಾಸಂಗಮದ ಜಾತ್ರೆಯಲ್ಲಿ, ವಾರದ ಸಂತೆಯಲ್ಲಿ ಬಟ್ಟಲು ಗೋಲಿಗಳ ಆಟ ತೋರಿಸುವ ಗಾರುಡಿಗ "ಹೊಟ್ಟೆಪಾಡಿನ ಆಟ ನೋಡ್ರಪ್ಪಾ" ಎಂದೇ ಕೂಗುತ್ತಾನೆ. ಅವನು ಯಾರನ್ನೂ ವಂಚಿಸುತ್ತಿಲ್ಲ. ಕಣ್ಕಟ್ಟು ಎಂದು ಹೇಳಿಯೇ ಕಣ್ಣು ಕಟ್ಟುತ್ತಾನೆ. ತಲೆಮಾರುಗಳಿಂದ ಬಂದ ಅವನ ವಿದ್ಯೆಯನ್ನು ಗುಂಪಿನಲ್ಲಿ ಕೂಗಿ ಬಯಲು ಮಾಡುವುದು ಜಾಣತನವಲ್ಲ, ಅನ್ನ ಕಸಿಯುವುದು. ನಮ್ಮ ಮಕ್ಕಳಿಗೆ ಹೇಳಿರುವುದು: ಅವನ ಮುಂದೆ ಗುಟ್ಟು ತಿಳಿದರೂ ಸುಮ್ಮನಿರಿ, ಹಾಸಿದ ಬಟ್ಟೆಯ ಮೇಲೆ ನಾಣ್ಯ ಹಾಕಿ ಬನ್ನಿ. ಆದರೆ ನಿಂಬೆಹಣ್ಣಿನಿಂದ ರಕ್ತ ತೆಗೆದು "ನಿಮ್ಮ ಮನೆಗೆ ಮಾಟ ಮಾಡಿಸಿದ್ದಾರೆ, ಇಂತಹವರೇ ಮಾಡಿಸಿದ್ದಾರೆ" ಎಂದು ಬೆರಳು ತೋರಿಸುವವನು ಬಂದರೆ, ಆ ಗುಟ್ಟನ್ನು ಅಂಗಳದ ನಡುವೆ, ಹಗಲಿನಲ್ಲಿ, ಎಲ್ಲರೂ ನೋಡುವಂತೆ ಬಿಚ್ಚಬೇಕು. ಅದೂ ಮಕ್ಕಳು ಒಬ್ಬೊಬ್ಬರೇ ಅಲ್ಲ, ಹಿರಿಯರೊಡನೆ. ಇದೇ ಕಾರಣಕ್ಕೆ ನಮ್ಮ ಮಕ್ಕಳ ಪ್ರತಿಯೊಂದು ಪ್ರದರ್ಶನವೂ "ಇದು ಆಟ, ನಾವು ಕಲಿತದ್ದು, ನೀವೂ ಕಲಿಯಬಹುದು" ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಇನ್ನು ಬೆಂಕಿಯ ಆಟಗಳು, ತಾನಾಗಿ ಹೊತ್ತಿಕೊಳ್ಳುವ ರಾಸಾಯನಿಕಗಳು, ಬಾಯೊಳಗೆ ಕರ್ಪೂರ ಇವೆಲ್ಲ ಶಾಲೆಯ ಬುತ್ತಿಗೆ ಸಲ್ಲವು. ಈ ವಿಷಯದಲ್ಲಿ ಚರ್ಚೆಯಿಲ್ಲ.

ಕಲಿಯುವ ಮಗುವಿನ ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ಒಂದು ಆಟಕ್ಕೆ ಒಂದು ಪುಟ: ಬೇಕಾದ ಸಾಮಾನು, ಮಾಡುವ ಕ್ರಮ, ಆಡುವ ಮಾತು, ಯಾರಿಗೆ ತೋರಿಸಿದೆ, ಎಲ್ಲಿ ತಪ್ಪಿತು. "ಎಲ್ಲಿ ತಪ್ಪಿತು" ಎಂಬ ಸಾಲು ಖಾಲಿಯಿದ್ದರೆ ಆ ಪುಟಕ್ಕೆ ನಾನು ಸಹಿ ಹಾಕುವುದಿಲ್ಲ.

ಪಾಲಕರಲ್ಲಿ ಕೊನೆಯದಾಗಿ ಕೆಲವು ಬಿನ್ನಹಗಳು. ಮನೆಯಲ್ಲಿ ಮಗು ಆಟ ತೋರಿಸಿದಾಗ, ಜೋಳದ ಚೀಲ ಎತ್ತಿಡುವ ಹೊತ್ತಾದರೂ ಸರಿ, ಎರಡು ನಿಮಿಷ ಕುಳಿತು ನೋಡಿ. "ಇನ್ನೊಂದ್ಸಲ ಮಾಡು" ಎನ್ನಬೇಡಿ. ಅದು ಅವರ ಎರಡನೆಯ ಕಟ್ಟಳೆಯನ್ನು ಮುರಿಸಿದಂತೆ. ಗುಟ್ಟು ಹೇಳೆಂದು ಗದರಿಸುವುದು, ಮಿಠಾಯಿ ಕೊಡುತ್ತೇನೆನ್ನುವುದು ಬೇಡ. ನಿಮಗೆ ಗೊತ್ತಾಗಿದ್ದರೂ ಮುಗುಳ್ನಕ್ಕು ಸುಮ್ಮನಿರಿ. ಅವರು ಆಮೇಲೆ ತಾವಾಗಿಯೇ ಬಂದು ಹೇಳುತ್ತಾರೆ. ಹೈದರಾಬಾದಿಗೆ ಹೋದಾಗ ಜಾದೂ ಪೆಟ್ಟಿಗೆ ಕೊಂಡುತರಬೇಡಿ, ಒಂದು ಹಳೆಯ ಕನ್ನಡಿ ಕೊಡಿ. ಹಿರಿಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ತಮ್ಮ ಕಾಲದ ಜಾತ್ರೆಯ ಆಟಗಳ ನೆನಪಿದ್ದರೆ, ಮೋಡಿಯ ಪಂದ್ಯ ನೋಡಿದ್ದರೆ, ದಯವಿಟ್ಟು ಬರೆದು ಕೊಡಿ. ಮಕ್ಕಳ ನೋಟುಪುಸ್ತಕದಲ್ಲಿ ಅದಕ್ಕೆಂದು ಪುಟಗಳನ್ನು ಖಾಲಿ ಬಿಡಿಸಿದ್ದೇನೆ.

ಪರದೆಯ ಹಿಂದೆ ಮಕ್ಕಳು ಸಿದ್ಧರಾಗಿ ನಿಂತಿದ್ದಾರೆ. ಮುಂದಿನ ಸಾಲಿನಲ್ಲಿ ಕುಳಿತಿರುವವರು ದಯಮಾಡಿ ನಿಮ್ಮ ಕುರ್ಚಿಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಳ್ಳಿ, ಮತ್ತು ಯಾರೂ ವೇದಿಕೆಯ ಪಕ್ಕಕ್ಕೆ ಹೋಗಿ ನಿಲ್ಲಬೇಡಿ. ಕಾರಣವನ್ನು ಈಗಾಗಲೇ ಹೇಳಿದ್ದೇನೆ.